ಹಳೇ ಟಿಬಿ ಇಟ್ಕೊಂಡು ಕೆನಡಾ ಮೆಡಿಕಲ್‌ಗೆ ಹೋದ ನನ್ನ ಅನುಭವ

ನಮ್ದು ಬಳ್ಳಾರಿ, ಕೌಲ್ ಬಜಾರ್ ಕಡೆ. ನಾನು, ನನ್ನ ಹೆಂಡ್ತಿ, ಆರು ವರ್ಷದ ಮಗ ಮೂರೂ ಜನ ಕೆನಡಾ ಪಿಆರ್‌ಗೆ, ಅಂದ್ರೆ ಅಲ್ಲೇ ಕಾಯಂ ಆಗಿ ಇರೋ ಅನುಮತಿಗೆ, ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ಅಂಕ ನೋಡಿ ಕರೆಯೋ ದಾರಿಯಲ್ಲಿ ಹಾಕಿದ್ವಿ. 2025ರ ಆಗಸ್ಟ್ 21ರಿಂದ ರೂಲ್ ಬದಲಾಗಿದೆ, ಮೊದ್ಲಿನ ಥರ ಅಪ್ಲಿಕೇಶನ್ ಹಾಕಿ ಮೆಡಿಕಲ್ ಲೆಟರ್‌ಗೆ ಕಾಯೋ ಹಾಗಿಲ್ಲ, ಮೆಡಿಕಲ್ ಅಂದ್ರೆ ಆರೋಗ್ಯ ತಪಾಸಣೆ ಮೊದ್ಲೇ ಮಾಡಿಸ್ಕೊಂಡು ಡಾಕ್ಟ್ರು ಕೊಡೋ ಶೀಟ್‌ನ ಅಪ್ಲಿಕೇಶನ್ ಜೊತೆಗೇ ಅಪ್‌ಲೋಡ್ ಮಾಡ್ಬೇಕು. ಅಪ್ಲೈ ಮಾಡಿ ಅಂತ ಕೆನಡಾದಿಂದ ಇನ್ವಿಟೇಶನ್ ಬಂದ್ಮೇಲೆ ಅಪ್ಲಿಕೇಶನ್ ಹಾಕೋಕೆ ಸಿಗೋದು 60 ದಿನ. ಬಹಳ ಜನಕ್ಕೆ ಇದು ಒಂದು ದಿನದ ಕೆಲ್ಸ, ನಂಗೆ ಮಾತ್ರ ನಿದ್ದೆ ಹತ್ತಲಿಲ್ಲ, ಯಾಕಂದ್ರೆ 2011ರಲ್ಲಿ ಡಿಗ್ರಿ ಓದೋವಾಗ ನಂಗೆ ಟಿಬಿ ಆಗಿತ್ತು.

ಇಲ್ಲಿ ಒಬ್ರು ಏಜೆಂಟ್ ಹತ್ರ ಕೇಳಿದ್ರೆ "ಅದನ್ನೆಲ್ಲ ಬರೀಬ್ಯಾಡ್ರಿ, ಆರಾಮಾಗೀರಲ್ಲ, ಯಾರು ಕೇಳ್ತಾರ" ಅಂದ್ರು. ದಯವಿಟ್ಟು ಈ ಮಾತು ಕೇಳ್ಬೇಡಿ. ವಾಸಿಯಾದ ಟಿಬಿ ಎಷ್ಟೋ ಸಲ ಶ್ವಾಸಕೋಶದಲ್ಲಿ ಕಲೆ ಬಿಟ್ಟು ಹೋಗಿರುತ್ತೆ, ಎಕ್ಸ್‌ರೇ ನೋಡಿದ ಡಾಕ್ಟ್ರಿಗೆ ಕಂಡೇ ಕಾಣುತ್ತೆ. ಮುಚ್ಚಿಟ್ಟಿದ್ದು ಗೊತ್ತಾದ್ರೆ ಐದು ವರ್ಷ ಅಪ್ಲೈ ಮಾಡೋಕೇ ಬಿಡಲ್ಲ. ನಿಜ ಹೇಳಿದ್ರೆ ಸ್ವಲ್ಪ ತಡ ಆಗುತ್ತೆ, ಅಷ್ಟೇ.

ನಮ್ಮವ್ವಗೆ ವಿಷ್ಯ ಹೇಳಿದ್ದೇ ತಡ, ಟ್ರಂಕ್ ತಳದಿಂದ ಒಂದು ಪ್ಲಾಸ್ಟಿಕ್ ಕವರ್ ತಗದ್ಲು. ಹಳೇ ರೇಷನ್ ಕಾರ್ಡ್ ಜೊತೆ ನನ್ನ ಟ್ರೀಟ್‌ಮೆಂಟ್ ಕಾರ್ಡ್, ಮಡಚಿದ ಕಡೆ ಹರಿದಿತ್ತು, ಆದ್ರೆ ಮಾತ್ರೆ ನುಂಗಿದ ದಿನಗಳ ಗುರುತು ಆರೂ ತಿಂಗಳದ್ದು ಹಾಗೇ ಇತ್ತು. ಆಗ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ಸಲ ಮಾತ್ರೆ, ತಗೊಂಡ ದಿನ ಮೂತ್ರ ಕೆಂಪಗಾಗ್ತಿತ್ತು, ಅವ್ವ ಹೆದ್ರಿ ಅಳ್ತಿದ್ಲು. ಎಕ್ಸ್‌ರೇ ಫಿಲ್ಮ್ ಮಾತ್ರ ಮನೆಗೆ ಸುಣ್ಣ ಹೊಡೆಸುವಾಗ ಕಳೆದಿತ್ತು. ಅದಿದ್ದಿದ್ರೆ ಇನ್ನೂ ಚೆನ್ನಾಗಿತ್ತು, ಹಳೇದು ಹೊಸದು ಪಕ್ಕಪಕ್ಕ ಇಟ್ಟು ಕಲೆ ಬೆಳೆದಿಲ್ಲ ಅಂತ ಹೇಳ್ಬಹುದು.

ಒಂದು ತಪ್ಪು ಮಾಡ್ದೆ, ಧೈರ್ಯಕ್ಕೆ ಅಂತ ಊರಲ್ಲೇ ಎಕ್ಸ್‌ರೇ, ಬ್ಲಡ್ ಟೆಸ್ಟ್ ಮಾಡಿಸ್ಕೊಂಡೆ, ಅದು ಲೆಕ್ಕಕ್ಕೇ ಬರ್ಲಿಲ್ಲ. ಕೆನಡಾದವ್ರು ಪಟ್ಟಿ ಮಾಡಿರೋ ಪ್ಯಾನಲ್ ಡಾಕ್ಟ್ರ ಹತ್ರನೇ ಆಗ್ಬೇಕು, ಹಂಗಾಗಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದ್ವಿ. ಪಾಸ್‌ಪೋರ್ಟ್, ಫೋಟೋ, ಕನ್ನಡಕ, ಹಳೇ ಕಾಗದ ಎಲ್ಲ ಇಟ್ಕೊಳ್ಳಿ. ಎತ್ತರ, ತೂಕ, ಬಿಪಿ, ಕಣ್ಣು ನೋಡಿದ್ರು. ಎಕ್ಸ್‌ರೇ 11 ವರ್ಷ ಆದವ್ರಿಗೆ, ಎಚ್‌ಐವಿ ಮತ್ತೆ ಸಿಫಿಲಿಸ್ ರಕ್ತಪರೀಕ್ಷೆ 15 ಆದವ್ರಿಗೆ, ಹಂಗಾಗಿ ಮಗನಿಗೆ ಮೂತ್ರ ಪರೀಕ್ಷೆಗೇ ಮುಗೀತು. ಹೆಂಗಸ್ರು ಮುಟ್ಟಿನ ದಿನ ಬಿಟ್ಟು ಅಪಾಯಿಂಟ್‌ಮೆಂಟ್ ತಗೊಳ್ಳಿ, ಮೂತ್ರದಲ್ಲಿ ರಕ್ತ ಕಂಡ್ರೆ ಮತ್ತೆ ಕರೀತಾರೆ.

ಎರಡು ದಿನ ಬಿಟ್ಟು ಫೋನ್ ಬಂತು, ಬಲಗಡೆ ಮೇಲ್ಭಾಗದಲ್ಲಿ ಕಲೆ ಇದೆ, ಕಫ ಪರೀಕ್ಷೆ ಬೇಕು ಅಂತ. ಸತತ ಮೂರು ದಿನ, ಬೆಳಗ್ಗೆ ಬರೀ ಹೊಟ್ಟೇಲಿ. ಮೆಜೆಸ್ಟಿಕ್ ಹತ್ರ ಲಾಡ್ಜ್ ಮಾಡಿದೆ. ಕೆಮ್ಮೇ ಇಲ್ಲದವನು ಕಫ ಎಲ್ಲಿಂದ ತರ್ಲಿ? ಮೊದಲ ದಿನ ಡಬ್ಬಿಗೆ ಬಿದ್ದಿದ್ದು ಬರೀ ಉಗುಳು, ನರ್ಸಮ್ಮ ನೋಡಿ "ಇದಾಗಲ್ಲಪ್ಪ, ಎದೆಯಿಂದ ಬರ್ಬೇಕು" ಅಂತ ಉಪ್ಪುನೀರಿನ ಆವಿ ಮಾಸ್ಕ್ ಹಾಕಿ ಕೂರಿಸಿದ್ರು. ಹತ್ತು ನಿಮಿಷಕ್ಕೆ ಎದೆ ತಳದಿಂದ ಕೆಮ್ಮು ಕಿತ್ತು ಬಂತು, ಕಣ್ಣಲ್ಲೆಲ್ಲ ನೀರು, ಆದ್ರೆ ಬೇಕಾದ್ದು ಬಂತು.

ಆ ಕಫದ ಕಲ್ಚರ್ ರಿಪೋರ್ಟ್‌ಗೆ ಎಂಟು ವಾರ ತಗೊಳ್ತು, ಕ್ರಿಮಿ ಇದ್ರೆ ನಿಧಾನಕ್ಕೆ ಬೆಳೆಯುತ್ತೆ ಅದಕ್ಕೇ ಅಷ್ಟು ದಿನ ಇಟ್ಟು ನೋಡ್ತಾರೆ. ನಾನು 60 ದಿನ ದಾಟುತ್ತೆ ಅಂತ ಗಾಬರಿ ಆಗಿದ್ದೆ, ಆದ್ರೆ ಅಪ್ಲಿಕೇಶನ್‌ಗೆ ಬೇಕಿದ್ದಿದ್ದು ಪರೀಕ್ಷೆ ಆಗಿದೆ ಅನ್ನೋ ಶೀಟ್ ಮಾತ್ರ, ರಿಪೋರ್ಟ್ ಡಾಕ್ಟ್ರು ನೇರವಾಗಿ ಕೆನಡಾದವ್ರಿಗೇ ಕಳಿಸ್ತಾರೆ, ತೀರ್ಮಾನನೂ ಅವ್ರದ್ದೇ. ಪಾಸಿಟಿವ್ ಬಂದಿದ್ರೂ ಬಾಗಿಲು ಮುಚ್ಚಲ್ಲ, ಟ್ರೀಟ್‌ಮೆಂಟ್ ಮುಗಿಸಿ ಮುಂದುವರಿಸ್ಬಹುದು ಅಂದ್ರು.

ನಂದು ನೆಗೆಟಿವ್ ಬಂತು. ಅವ್ವಗೆ ಫೋನ್ ಮಾಡಿದ್ರೆ "ಅವತ್ತೇ ಹೇಳಿದ್ನಲ್ಲ, ಪೂರ್ತಿ ಕೋರ್ಸ್ ನುಂಗೀಯಂತ" ಅಂದ್ಲು. ಈಗ ಮೆಡಿಕಲ್ ಸರ್ವೈಲೆನ್ಸ್, ಅಂದ್ರೆ ಅಲ್ಲಿಗೆ ಹೋದ್ಮೇಲೂ ಆರೋಗ್ಯದ ಮೇಲೆ ಕಣ್ಣಿಡೋದು, ಅಂತ ಒಂದು ಪತ್ರ ಕೊಟ್ಟಿದ್ದಾರೆ, ಅಲ್ಲಿ ಇಳಿದ 30 ದಿನದೊಳಗೆ ಅಲ್ಲಿನ ಆರೋಗ್ಯ ಇಲಾಖೆಗೆ ತಿಳಿಸ್ಬೇಕು. ಆ ಪತ್ರ, ಹೊಸ ಎಕ್ಸ್‌ರೇ, ಅವ್ವನ ಟ್ರಂಕಿನ ಕಾರ್ಡ್ ಮೂರನ್ನೂ ಹ್ಯಾಂಡ್‌ಬ್ಯಾಗಿಗೆ ಹಾಕಿ ಇಟ್ಟಿದ್ದೀನಿ.