ಕಾರ್ಡ್ ಬಡ್ಡಿ ಕಾಫಿ ದುಡ್ಡಿಗೆ ಕಾಯಲ್ಲ

ನಾನು ಕೊಡಗಿನ ನಾಪೋಕ್ಲು ಕಡೆಯ ಸಣ್ಣ ಬೆಳೆಗಾರ. ರೋಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಅಷ್ಟೇ. ಕಳೆದ ಮಳೆಗಾಲದಲ್ಲಿ ನನ್ನ ಕ್ರೆಡಿಟ್ ಕಾರ್ಡ್ ಮೇಲೆ ಹೆಚ್ಚುಕಡಿಮೆ 2 ಲಕ್ಷ ಬಾಕಿ ಇತ್ತು. ಸ್ಪ್ರಿಂಕ್ಲರ್ ಪೈಪು, ಪಂಪ್ ರಿಪೇರಿ, ಗೊಬ್ಬರ, ಮಗಳ ಮೈಸೂರಿನ ಕಾಲೇಜು ಫೀಸು ಎಲ್ಲ ಸೇರಿ ಆದದ್ದು. ಈಗ ಒಂದು ರೂಪಾಯಿ ಬಾಕಿ ಇಲ್ಲ. ಚಿನ್ನ ಅಡ ಇಟ್ಟು ಕಾರ್ಡ್ ತೀರಿಸ್ತೀನಿ ಅಂದಾಗ ಮನೆಯಲ್ಲೂ ಒಪ್ಪಲಿಲ್ಲ, ಸಹಕಾರಿ ಸೊಸೈಟಿ ಹತ್ತಿರ ಸಿಕ್ಕವರೂ ಒಪ್ಪಲಿಲ್ಲ. "ಸಾಲ ತೀರಿಸೋಕೆ ಇನ್ನೊಂದು ಸಾಲಾನಾ?" ಅಂದರು ನಮ್ಮ ಭಾವ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.75. ವರ್ಷಕ್ಕೆ ಶೇ. 45. ಅಂದರೆ 2 ಲಕ್ಷಕ್ಕೆ ತಿಂಗಳಿಗೆ 7,500. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 1,350. ಒಟ್ಟು 8,850. ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ ಅಂತ 10,000 ಕಟ್ಟಿದರೆ ಅಸಲಿಗೆ ಹೋಗೋದು ಬರೀ 1,150! ಮೇಲಾಗಿ, ಬಾಕಿ ಉಳಿದಿರುವಷ್ಟು ದಿನ ಹೊಸ ಖರೀದಿಗೂ ಬಡ್ಡಿ ಇಲ್ಲದ ಅವಧಿ ಸಿಗಲ್ಲ. ಇವತ್ತು ಡೀಸೆಲ್ ಹಾಕಿಸಿದರೆ ಇವತ್ತಿಂದಲೇ ಬಡ್ಡಿ.

ನಮ್ಮ ಕಷ್ಟ ಸಂಬಳದವರಿಗೆ ಅರ್ಥ ಆಗಲ್ಲ. ಅವರಿಗೆ ತಿಂಗಳ ದುಡ್ಡು, ತಿಂಗಳ ಬಿಲ್ಲು. ನಮಗೆ ದುಡ್ಡು ಕಾಣೋದು ಜನವರಿಯಿಂದ ಏಪ್ರಿಲ್ ಒಳಗೆ. ಕಾಫಿ ಕಣದಿಂದ ಎದ್ದು, ಮೆಣಸು ಮಾರಿದರೆ ಮುಗೀತು. ಬಿಲ್ ಮಾತ್ರ ವರ್ಷಪೂರ್ತಿ ಬರುತ್ತೆ.

ಮೊದಲು ಕಾರ್ಡ್ ಬಾಕಿಯನ್ನು ಇಎಂಐ, ಅಂದರೆ ತಿಂಗಳ ಕಂತು ಮಾಡಿಸೋಣ ಅಂತ ಕೇಳಿ ನೋಡಿದೆ. ಶೇ. 16 ಅಂದರು, ಚೆನ್ನಾಗೇ ಕೇಳಿಸಿತು. ಆಮೇಲೆ ಪ್ರೊಸೆಸಿಂಗ್ ಫೀ ಬಂತು, ಬಡ್ಡಿ ಮೇಲೆ ಮತ್ತೆ ಜಿಎಸ್‌ಟಿ ಬಂತು, ಮೊದಲೇ ತೀರಿಸಿದರೆ ಅದಕ್ಕೂ ಶೇ. 3 ಅಂದರು. ಅದಕ್ಕಿಂತ ಮುಖ್ಯವಾಗಿ, ಆಗಸ್ಟ್ ಮಳೆಯಲ್ಲಿ ತಿಂಗಳ ಕಂತು ಎಲ್ಲಿಂದ ತರೋದು? ಕೈಬಿಟ್ಟೆ. ಇನ್ನೊಂದು ಬ್ಯಾಂಕಿಗೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಕೇಳಿದೆ, ಅಂದರೆ ಈ ಬಾಕಿಯನ್ನು ಅವರ ಕಾರ್ಡಿಗೆ ದಾಟಿಸೋದು. ಮೂರು ತಿಂಗಳು ಕಡಿಮೆ ಬಡ್ಡಿ, ನಾಲ್ಕನೇ ತಿಂಗಳಿಂದ ಅದೇ 3.75. ಮಳೆಗಾಲದ ಮೂರು ತಿಂಗಳು ನಮಗೆ ಯಾವ ಲೆಕ್ಕ? ಅರ್ಜಿ ಫೀಸು, ಓಡಾಟ ಎಲ್ಲ ಸೇರಿ ಮೂರು ನಾಲ್ಕು ಸಾವಿರ ಸುಮ್ನೆ ಹೋಯಿತು.

ಆಗ ಕಣ್ಣಿಗೆ ಬಿದ್ದದ್ದು ಇದು. ಮನುಷ್ಯ ಒಬ್ಬನೇ, ತೋಟ ಒಂದೇ. ಸೊಸೈಟಿಯ ಬೆಳೆ ಸಾಲಕ್ಕೆ, ವಾಯಿದೆಗೆ ಕಟ್ಟಿದರೆ, ಬಡ್ಡಿ ಸೊನ್ನೆ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಕೃಷಿ ಸಾಲಕ್ಕೆ, ಸಬ್ಸಿಡಿ ಕಳೆದು, ವರ್ಷಕ್ಕೆ ಶೇ. 4. ಚಿನ್ನಕ್ಕೆ 9.5ರ ಆಸುಪಾಸು. ಕ್ರೆಡಿಟ್ ಕಾರ್ಡಿಗೆ 45. ಒಂದಕ್ಕೆ ಸರ್ಕಾರ ಬಡ್ಡಿ ತುಂಬುತ್ತೆ, ಒಂದಕ್ಕೆ ಒಡವೆ ಆಧಾರ. ಕಾರ್ಡಿಗೆ ಯಾವ ಆಧಾರವೂ ಇಲ್ಲ. ಕಟ್ಟದವರ ನಷ್ಟವನ್ನೂ ಬ್ಯಾಂಕು ನಮ್ಮಂಥ ಬಾಕಿ ಉಳಿಸಿಕೊಂಡವರಿಂದಲೇ ತೆಗೆಯುತ್ತೆ. ಲಕ್ಷಗಟ್ಟಲೆ ಖರ್ಚು ಮಾಡುವವರ ದೊಡ್ಡ ಕಾರ್ಡ್‌ಗಳಲ್ಲಿ ತಿಂಗಳಿಗೆ 2ರ ಹತ್ತಿರವೂ ಇದೆ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೋ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) 6.50ರಿಂದ 5.25ಕ್ಕೆ ಇಳಿಸಿತು. ಮನೆ ಸಾಲದವರಿಗೆ ಕಂತು ಇಳಿಯಿತು, ನನ್ನ ಕಾರ್ಡ್ 3.75ರಿಂದ ಕದಲಲಿಲ್ಲ. ಕೋರ್ಟಿನ ದಾರಿಯೂ ಇಲ್ಲ. ಶೇ. 30ರ ಮೇಲೆ ಹಾಕಬಾರದು ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. ಅದನ್ನು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು.

ಸೊಸೈಟಿ ಸಾಲ, ಕಿಸಾನ್ ಕಾರ್ಡ್ ಎರಡನ್ನೂ ಪೂರ್ತಿ ತೆಗೆದಾಗಿತ್ತು. ಉಳಿದದ್ದು ಚಿನ್ನ. ಮನೆಯವಳು ಮೊದಲು ಜೋಮಾಲೆ, ನಮ್ಮ ಕಡೆಯ ಚಿನ್ನದ ಮಣಿಸರ, ತೆಗೆದುಕೊಟ್ಟಳು. ಬೇಡ ಅಂದೆ. ಅದರ ಮಣಿಯೊಳಗೆ ಅರಗು ಇರುತ್ತಲ್ವಾ, ತೂಕ ನೋಡುವವರು ಅದನ್ನು ಕಳೆದೇ ಲೆಕ್ಕ ಹಾಕೋದು. ಗಟ್ಟಿ ಬಳೆ ಕೊಟ್ಟೆವು. ಕಂತು ಬೇಡ, ವರ್ಷದೊಳಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುತ್ತೇನೆ ಅಂತ ಬರೆಸಿಕೊಂಡೆ. ಇದೇ ಮುಖ್ಯ. ತಿಂಗಳಿಗೆ ಬಡ್ಡಿ 1,600ರ ಲೆಕ್ಕ. ಮಾರ್ಚ್‌ನಲ್ಲಿ ಬಿಡಿಸುವಾಗ ಬಡ್ಡಿ ಅಂತ ಕಟ್ಟಿದ್ದು ಸುಮಾರು ಹದಿಮೂರು ಸಾವಿರ. ಕಾರ್ಡಿನಲ್ಲೇ ಬಿಟ್ಟಿದ್ದರೆ ಅರವತ್ತೈದು, ಎಪ್ಪತ್ತು ಸಾವಿರ ಆಗುತ್ತಿತ್ತು. ಭಾವ ಕ್ಯಾಲ್ಕುಲೇಟರ್ ಹಿಡಿದು ಇನ್ನೊಂದು ಸಲ ಹಾಕಿ ನೋಡಿದರು. ಅದೇ ಬಂತು.

ಕಾರ್ಡ್ ತೀರಿಸುವಾಗ ಒಂದು ಜೋಪಾನ. ಸ್ಟೇಟ್‌ಮೆಂಟಿನ ಮೊತ್ತ ಪೂರ್ತಿ ಕಟ್ಟಿದರೂ ಮುಂದಿನ ತಿಂಗಳು ಎರಡೂವರೆ ಸಾವಿರದ ಮೇಲೆ ಬಂತು. ಬಿಲ್ ಆದ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಅದು. ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತೆ. ಹಾಗಾಗಿ ಬಾಕಿ ಇರುವವರು ದುಡ್ಡು ಕೈಗೆ ಬಂದ ದಿನವೇ ಹಾಕಿ, ಡ್ಯೂ ಡೇಟ್‌ಗೆ ಕಾಯಬೇಡಿ. ಹಿಂದಿನ ವರ್ಷ ಮೆಣಸು ಮಾರಿದ 40,000 ಇಪ್ಪತ್ತು ದಿನ ಮೊದಲೇ ಹಾಕಿದ್ದಕ್ಕೆ ಸಾವಿರ ರೂಪಾಯಿ ಉಳಿದಿತ್ತು. ಆ ಎರಡೂವರೆ ಸಾವಿರವನ್ನು ಫೋನಿನಲ್ಲಿ ಮಾತಾಡಿ ಮನ್ನಾ ಮಾಡಿಸಿದೆ. ಏನು ಹೇಳಿದೆ ಅಂತ ಇಲ್ಲಿ ಬರೆಯಲ್ಲ. ಎಲ್ಲರೂ ಅದನ್ನೇ ಹೇಳಿದರೆ ನಾಳೆ ನಡೆಯಲ್ಲ.

ಕಾರ್ಡನ್ನು ಮುಚ್ಚಿಲ್ಲ. ಬಿಲ್ ದಿನ ಬದಲಿಸಿಕೊಂಡೆ. ಗ್ರಾಹಕರಿಗೆ ಆ ಅವಕಾಶ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ, ನೀರು ಹಾಯಿಸುವ ಪಂಪಿನ ಡೀಸೆಲ್‌ಗೆ ಬಿಲ್ ಆದ ಮರುದಿನ ಕಾರ್ಡ್ ಉಜ್ಜಿಸುತ್ತೇನೆ. ನಲವತ್ತೈದು ದಿನದ ಹತ್ತಿರ ಬಡ್ಡಿ ಇಲ್ಲದೆ ಸಿಗುತ್ತೆ, ಅಷ್ಟರಲ್ಲಿ ಮೆಣಸಿನ ದುಡ್ಡು ಬಂದಿರುತ್ತೆ. ಕಾರ್ಡಿನಿಂದ ಎಟಿಎಂ ಕ್ಯಾಶ್ ಮಾತ್ರ ಬೇಡವೇ ಬೇಡ. ಅದಕ್ಕೆ ಫೀಸೂ ಇದೆ, ಮೊದಲ ದಿನದಿಂದ ಬಡ್ಡಿಯೂ ಇದೆ.

ಈಗ ಇನ್ನೊಂದು ಪ್ರಯೋಗ ನಡೆದಿದೆ. 50,000 ಎಫ್‌ಡಿ ಇಟ್ಟು ಅದರ ಮೇಲೆ ಒಂದು ಕಾರ್ಡ್ ತೆಗೆದಿದ್ದೇನೆ. ಬಡ್ಡಿ ತಿಂಗಳಿಗೆ 2.5ರ ಹತ್ತಿರ, ಎಫ್‌ಡಿಗೆ ಬರುವ ಬಡ್ಡಿ ಬರುತ್ತಲೇ ಇದೆ. ಗೊಬ್ಬರದ ಬಿಲ್ ಎಲ್ಲ ಅದಕ್ಕೆ ಹಾಕಿ ನೋಡುತ್ತಿದ್ದೇನೆ.