ಕೂಲಿ ಮಾಡುವವರು ಶಾಸಕರಾಗಬೇಕಾದರೆ: ಒಬ್ಬ ಹಮಾಲಿಯ ನೋಟ್‌ಬುಕ್‌ನಿಂದ

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಇನ್ನೂರು ಪುಟದ್ದು, ಗಟ್ಟಿ ರಟ್ಟಿನದ್ದು. ಪಕ್ಷ, ಟಿಕೆಟ್, ಬ್ಯಾನರ್ ಎಲ್ಲಾ ಆಮೇಲೆ.

ನಾನು ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಹದಿನಾಲ್ಕು ವರ್ಷ ಚೀಲ ಹೊತ್ತವನು. ಮೆಕ್ಕೆಜೋಳದ ಸುಗ್ಗಿಯಲ್ಲಿ ಬೆಳಿಗ್ಗೆ ಆರಕ್ಕೆ ಬೆನ್ನು ಕೊಟ್ಟರೆ ರಾತ್ರಿ ಒಂಬತ್ತಾದರೂ ಲಾರಿ ಖಾಲಿ ಆಗುತ್ತಿರಲಿಲ್ಲ. ಒಂದು ಶನಿವಾರ ಬಟವಾಡೆ ಸಮಯಕ್ಕೆ ಒಂದು ದಲಾಲಿ ಅಂಗಡಿಯ ಲೆಕ್ಕದಲ್ಲಿ ನಮ್ಮ ಗ್ಯಾಂಗಿನ 60 ಚೀಲ ಕಡಿಮೆ ಬಂತು. ಹೊತ್ತವರು ನಾವು, ಬರೆದವರು ಅವರು. ನಮ್ಮ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಸೋಮವಾರದಿಂದ ನಾನೇ ಬರೆಯಲು ಶುರು ಮಾಡಿದೆ. ಲಾರಿ ನಂಬರ್, ಅಂಗಡಿ, ಚೀಲ ಎಷ್ಟು, ಹೊತ್ತವರು ಯಾರು. ಮೂರು ವಾರ ಕಳೆದ ಮೇಲೆ ಮತ್ತೆ ಅದೇ ತಕರಾರು ಬಂತು. ಪುಸ್ತಕ ತೆಗೆದು ಎಲ್ಲರ ಎದುರು ಓದಿದೆ. ದುಡ್ಡು ಬಂತು. ಅವತ್ತಿನಿಂದ ಗ್ಯಾಂಗಿನವರು ಏನೇ ಆದರೂ ನನ್ನ ಹತ್ತಿರ ಬರತೊಡಗಿದರು. ನನ್ನ ರಾಜಕೀಯ ಅಲ್ಲಿಂದಲೇ ಶುರುವಾದದ್ದು.

ಆಮೇಲೆ ಹಮಾಲರ ಸಂಘದ ಕಾರ್ಯದರ್ಶಿಯಾದೆ. 2010ರಿಂದ ಎರಡು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದೆ. 2018ರಲ್ಲಿ ವಿಧಾನಸಭೆಗೆ ಪಕ್ಷೇತರನಾಗಿ ನಿಂತು ಸೋತೆ, ಠೇವಣಿಯೂ ಹೋಯಿತು. ಅದಾದ ಮೇಲೆ ನಾಲ್ಕು ವರ್ಷ, ಕೂಲಿ ಮಾಡುವ ಮನೆಯಿಂದಲೇ ಬಂದ ಒಬ್ಬ ಶಾಸಕರ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಂಡೆ. ಸೋತವನ ದಾರಿ, ಗೆದ್ದವರ ದಾರಿ ಎರಡನ್ನೂ ಹತ್ತಿರದಿಂದ ಕಂಡಿದ್ದೇನೆ.

ನಮ್ಮಂಥವರಿಗೆ ಇದು ಆಗುವ ಮಾತಾ ಅಂತ ಯುವಕರು ಕೇಳುತ್ತಾರೆ. ನಾನು ನಮ್ಮ ಊರನ್ನೇ ತೋರಿಸುತ್ತೇನೆ. ಹತ್ತಿ ಗಿರಣಿಗಳ ದಾವಣಗೆರೆ 1978, 1983, 1985ರಲ್ಲಿ ಸಿಪಿಐನ ಕಾರ್ಮಿಕ ಮುಖಂಡ ಪಂಪಾಪತಿ ಅವರನ್ನು ವಿಧಾನಸಭೆಗೆ ಕಳಿಸಿತ್ತು. ಗಿರಣಿಯಲ್ಲಿ ದುಡಿದ ನಮ್ಮಪ್ಪ ಕೊನೆಯವರೆಗೂ ಅವರನ್ನು 'ಕಾಮ್ರೇಡ್' ಅಂತಲೇ ಕರೆಯುತ್ತಿದ್ದರು. ಅದಕ್ಕೂ ಮೊದಲು ಮಲೆನಾಡಿನಲ್ಲಿ ಶಾಂತವೇರಿ ಗೋಪಾಲಗೌಡರು ಕಾಗೋಡಿನ ಗೇಣಿದಾರರ ಹೋರಾಟದಿಂದ ಬಂದು 1952ರಲ್ಲಿ ಗೆದ್ದರು. 'ಒಂದು ವೋಟು, ಒಂದು ನೋಟು' ಅಂತ ಜನರ ಹತ್ತಿರವೇ ಹೋಗಿ ಕೇಳಿದವರು ಅವರು.

ಒಂದು ವ್ಯತ್ಯಾಸ ಮಾತ್ರ ನೆನಪಿಟ್ಟುಕೊಳ್ಳಿ. ಅಂದು ಗಿರಣಿಗೆ ಒಂದು ಗೇಟ್ ಇತ್ತು. ಪಾಳಿ ಬಿಡುವ ಹೊತ್ತಿಗೆ ಅಲ್ಲಿ ನಿಂತರೆ ಸಾವಿರಾರು ಕಾರ್ಮಿಕರು ಸಿಗುತ್ತಿದ್ದರು. ಇಂದು ನಮ್ಮ ಜನ ಚದುರಿ ಹೋಗಿದ್ದಾರೆ. ಒಬ್ಬ ಆಟೋ ಓಡಿಸುತ್ತಾನೆ, ಒಬ್ಬ ಗಾರೆ ಕೆಲಸಕ್ಕೆ ಹೋಗುತ್ತಾನೆ, ಒಬ್ಬಳು ಮಂಡಕ್ಕಿ ಭಟ್ಟಿಯಲ್ಲಿ ಇದ್ದಾಳೆ, ಇನ್ನೊಬ್ಬಳು ಬಿಸಿಯೂಟದ ಅಡುಗೆಯಲ್ಲಿ. ಇವರೆಲ್ಲಾ ಒಂದೇ ಕಡೆ ಸಿಗುವ ಜಾಗ ಅಂದರೆ ನಿಮ್ಮ ನೋಟ್‌ಬುಕ್ ಒಂದೇ.

ಅದರಲ್ಲಿ ಏನು ಬರೆಯಬೇಕು? ಯಾರು ಬಂದರು, ಏನು ಕೇಳಿದರು, ಯಾವ ಕಚೇರಿಗೆ ಯಾವ ದಿನ ಅರ್ಜಿ ಕೊಟ್ಟಿರಿ, ಸ್ವೀಕೃತಿ ನಂಬರ್ ಏನು, ಏನಾಯಿತು. ಆಗದಿದ್ದರೆ 'ಆಗಲಿಲ್ಲ' ಅಂತಲೂ ಬರೆಯಿರಿ. ವಿಧವಾ ವೇತನ, ಪಡಿತರ ಚೀಟಿ, ಕಟ್ಟಡ ಕಾರ್ಮಿಕರ ಕಾರ್ಡ್, ಹಮಾಲರು ಮತ್ತು ಮನೆಕೆಲಸದವರಿಗೆ ಇರುವ ಅಂಬೇಡ್ಕರ್ ಸಹಾಯ ಹಸ್ತದ ನೋಂದಣಿ, ಇಂಥವೇ ಜಾಸ್ತಿ ಬರುತ್ತವೆ. ಸಣ್ಣ ಕೆಲಸ ಅನ್ನಿಸಬಹುದು. ಆದರೆ ಕೂಲಿ ಬಿಟ್ಟು ಮೂರು ಸಲ ಕಚೇರಿಗೆ ಅಲೆದವರಿಗೆ ಅದು ಸಣ್ಣದಲ್ಲ. ಈ ಕೆಲಸಕ್ಕೆ ಯಾರಿಂದಲೂ ದುಡ್ಡು ತೆಗೆದುಕೊಳ್ಳಬೇಡಿ, ಬಸ್ ಚಾರ್ಜ್ ಕೂಡ ಬೇಡ. ಒಮ್ಮೆ ತೆಗೆದುಕೊಂಡರೆ ನೀವು ಏಜೆಂಟ್ ಆಗಿಬಿಡುತ್ತೀರಿ, ಅಲ್ವಾ?

ಇನ್ನು ಗ್ರಾಮ ಪಂಚಾಯಿತಿ. ದಯವಿಟ್ಟು ಇದನ್ನು ದಾಟಿ ಹಾರಬೇಡಿ. ವಯಸ್ಸು 21 ಆಗಿದ್ದರೆ ಸಾಕು. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ, ಹಾಗಾಗಿ ಟಿಕೆಟ್‌ಗೆ ಯಾರ ಮನೆ ಬಾಗಿಲೂ ಕಾಯಬೇಕಿಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಪ್ರತಿ ಮನೆಗೂ ನಾಲ್ಕು ಸಲ ಹೋಗಿ ಬರಬಹುದು. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನಮ್ಮ ಪಂಚಾಯಿತಿಯಲ್ಲಿ ಕ್ರಿಯಾ ಯೋಜನೆಯನ್ನು ಎಲ್ಲರಿಗಿಂತ ಚೆನ್ನಾಗಿ ಓದಿ ಪ್ರಶ್ನೆ ಕೇಳುತ್ತಿದ್ದವರು ಗಾರೆ ಕೆಲಸದ ಒಬ್ಬ ಅಕ್ಕ. ವಾರ್ಡ್ ಸಭೆ, ಗ್ರಾಮ ಸಭೆ ಎರಡನ್ನೂ ಕಾಟಾಚಾರಕ್ಕೆ ಬಿಡಬೇಡಿ. ಉದ್ಯೋಗ ಖಾತರಿಯ ಹಾಜರಿ ಪಟ್ಟಿ ಕೇಳಿ, ನೋಡಿ, ನಕಲು ಇಟ್ಟುಕೊಳ್ಳಿ. ಸರ್ಕಾರದ ಕಾಗದ ಓದುವುದನ್ನು ನಾನು ಕಲಿತದ್ದು ಅಲ್ಲೇ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಗೊತ್ತಿಲ್ಲ ಅಂತ ಕೇಳಲು ನಾಚಿಕೊಳ್ಳಬೇಡಿ.

ಇಲ್ಲಿ ಒಂದು ಬಲೆ ಇದೆ. ಸದಸ್ಯರಾದ ಕೂಡಲೇ ಚರಂಡಿ, ಸಿಸಿ ರಸ್ತೆಯ ತುಂಡು ಗುತ್ತಿಗೆ ಆಸೆ ತೋರಿಸುತ್ತಾರೆ. ಬೇನಾಮಿ ಹೆಸರಲ್ಲಿ ಮಾಡು ಅಂತ ಹೇಳಿಕೊಡುವವರೂ ಇರುತ್ತಾರೆ. ಅದಕ್ಕೆ ಇಳಿದರೆ ಜನರ ನಂಬಿಕೆ ಅವತ್ತೇ ಹೋಗುತ್ತದೆ. ಮುಂದೆ ರಾಜ್ಯ ಸರ್ಕಾರದ ಜೊತೆ ನಡೆಯುತ್ತಿರುವ ಗುತ್ತಿಗೆ ನಿಮ್ಮ ಹೆಸರಲ್ಲಿದ್ದರೆ ವಿಧಾನಸಭೆಯ ನಾಮಪತ್ರವೇ ತಿರಸ್ಕಾರ ಆಗಬಹುದು. ಸರ್ಕಾರಿ ನೌಕರಿಯಲ್ಲಿ ಇರುವವರೂ ಮೊದಲೇ ರಾಜೀನಾಮೆ ಕೊಟ್ಟು, ಅದು ಅಂಗೀಕಾರವಾದ ಪತ್ರ ಕೈಯಲ್ಲಿ ಇಟ್ಟುಕೊಳ್ಳಬೇಕು.

ಪಕ್ಷವೋ, ಪಕ್ಷೇತರವೋ? ನಾನು ಪಕ್ಷೇತರನಾಗಿ ನಿಂತೆ. ಟಿಕೆಟ್ ಕೊಡುತ್ತೇವೆ ಅಂದಿದ್ದ ಪಕ್ಷ ಕೊನೆಯ ವಾರದಲ್ಲಿ ಬೇರೆಯವರಿಗೆ ಕೊಟ್ಟಿತು. ಸಿಟ್ಟಿನಲ್ಲಿ ನಾಮಪತ್ರ ಹಾಕಿದೆ. ಅದು ತಪ್ಪು ಅಂತ ಈಗ ಅನ್ನಿಸುತ್ತದೆ. ಪಕ್ಷೇತರರಿಗೆ ಚಿಹ್ನೆ ಸಿಗುವುದು ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ. ಅಲ್ಲಿಂದ ಮತದಾನಕ್ಕೆ ಉಳಿಯುವುದು ಎರಡು ವಾರ ಮಾತ್ರ. ಅಷ್ಟರಲ್ಲಿ ಎರಡು ಲಕ್ಷದ ಹತ್ತಿರದ ಮತದಾರರಿಗೆ ಹೊಸ ಗುರುತು ಕಲಿಸಬೇಕು. ನನ್ನನ್ನು ಇಷ್ಟಪಟ್ಟ ಎಷ್ಟೋ ಅಜ್ಜಿಯರು ಯಂತ್ರದ ಮುಂದೆ ನಿಂತು ಪರಿಚಯದ ಗುರುತನ್ನೇ ಒತ್ತಿ ಬಂದರು, ಹೊರಗೆ ಬಂದು ಅತ್ತರು. ಇನ್ನೊಂದು ಮಾತು. ಪಕ್ಷೇತರನಾಗಿ ಗೆದ್ದು ಆಮೇಲೆ ಯಾವುದಾದರೂ ಪಕ್ಷ ಸೇರಿದರೆ ಪಕ್ಷಾಂತರ ನಿಷೇಧ ಕಾನೂನಿನಡಿ ಸ್ಥಾನ ಹೋಗುತ್ತದೆ. ಹಾಗಾಗಿ ನಿಮ್ಮ ಮನಸ್ಸಿಗೆ ಹತ್ತಿರದ ಪಕ್ಷದಲ್ಲಿ ಚುನಾವಣೆಗೆ ಮೂರ್ನಾಲ್ಕು ವರ್ಷ ಮೊದಲೇ ಕೆಲಸ ಮಾಡಿ. ಬೂತ್ ಮಟ್ಟದ ಏಜೆಂಟ್ ಆಗಿ. ಮತದಾರರ ಪಟ್ಟಿ ನಿಮಗೆ ಬಾಯಿಪಾಠ ಆಗಬೇಕು. ಟಿಕೆಟ್ ಕೊಡುವವರ ಮುಂದೆ ನೀವು ಇಡಬಹುದಾದದ್ದು ದುಡ್ಡಲ್ಲ, ಬೂತ್‌ವಾರು ಹೆಸರುಗಳು.

ಈಗ ದುಡ್ಡಿನ ವಿಷಯ. ಎಲ್ಲರೂ ಹೆದರುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ವಿಧಾನಸಭೆಗೆ ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ 5,000. ಸಿಂಧುವಾದ ಮತಗಳಲ್ಲಿ ಆರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಬಾರದಿದ್ದರೆ ಅದು ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಖರ್ಚಿನ ಮಿತಿ ನಾನು ನಿಂತಾಗ 28 ಲಕ್ಷ ಇತ್ತು, 2022ರಲ್ಲಿ 40 ಲಕ್ಷ ಆಯಿತು. ಅದು ಮಿತಿ, ಅಷ್ಟು ಖರ್ಚು ಮಾಡಲೇಬೇಕು ಅಂತಲ್ಲ. ನಾನು ಖರ್ಚು ಮಾಡಿದ್ದು 3 ಲಕ್ಷ 12 ಸಾವಿರ. ಸಂಘದ ಸದಸ್ಯರು, ಪಕ್ಕದ ಹಳ್ಳಿಯವರು, ಮಂಡಕ್ಕಿ ಭಟ್ಟಿಯ ಹೆಣ್ಣುಮಕ್ಕಳು ಹತ್ತು, ಐವತ್ತು, ನೂರು ಅಂತ ಕೊಟ್ಟದ್ದು. ಕೊಟ್ಟವರ ಹೆಸರು ಎಲ್ಲವೂ ಪುಸ್ತಕದಲ್ಲಿದೆ. ಹತ್ತು ರೂಪಾಯಿ ಕೊಟ್ಟವರು ವೋಟು ಹಾಕಲು ಮರೆಯುವುದಿಲ್ಲ, ಬಂದು ಕೆಲಸ ಕೂಡ ಮಾಡುತ್ತಾರೆ.

ನಾಮಪತ್ರ ಹಾಕುವ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಒಬ್ಬರಿಂದ 10,000ಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ, ಒಬ್ಬರಿಗೆ ಅಷ್ಟಕ್ಕಿಂತ ಜಾಸ್ತಿ ನಗದು ಕೊಡುವಂತೆಯೂ ಇಲ್ಲ. ಚುನಾವಣಾಧಿಕಾರಿ ಒಂದು ವಹಿ ಕೊಡುತ್ತಾರೆ. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿ ಹಾಳೆಯಲ್ಲಿ ನಗದು, ಹಳದಿ ಹಾಳೆಯಲ್ಲಿ ಬ್ಯಾಂಕ್ ಲೆಕ್ಕ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಅದನ್ನು ತಪಾಸಣೆಗೆ ತೋರಿಸಬೇಕು.

ನಾನು ಎಡವಿದ್ದು ಕುರ್ಚಿ ಲೆಕ್ಕದಲ್ಲಿ. ಒಂದು ಸಭೆಗೆ 120 ಕುರ್ಚಿ ಬಾಡಿಗೆ ಅಂತ ಬರೆದಿದ್ದೆ. ಚುನಾವಣಾಧಿಕಾರಿಗಳ ಕಡೆಯಿಂದ ವೀಡಿಯೋ ತೆಗೆದ ತಂಡದವರ ಲೆಕ್ಕದಲ್ಲಿ 200 ಇತ್ತು. ಶಾಮಿಯಾನದ ಸ್ನೇಹಿತ 80 ಕುರ್ಚಿ ಪ್ರೀತಿಯಿಂದ ಸುಮ್ನೆ ಕೊಟ್ಟಿದ್ದ, ದುಡ್ಡು ಕೊಟ್ಟಿಲ್ಲವಲ್ಲ ಅಂತ ನಾನು ಬರೆದಿರಲಿಲ್ಲ. ನೋಟಿಸ್ ಬಂತು. ಪುಕ್ಕಟೆ ಬಂದದ್ದನ್ನೂ ಜಿಲ್ಲಾಡಳಿತದ ದರಪಟ್ಟಿಯ ಬೆಲೆಗೆ ಬರೆಯಬೇಕು. ಟೀ, ಊಟ, ಮೈಕು, ಗಾಡಿ ಎಲ್ಲಕ್ಕೂ ಆ ಪಟ್ಟಿಯಲ್ಲಿ ದರ ಇರುತ್ತದೆ. ಮೊದಲ ದಿನವೇ ಒಂದು ಪ್ರತಿ ತಂದು ಗೋಡೆಗೆ ಅಂಟಿಸಿ. ಲೆಕ್ಕ ಬರೆಯಲು ಒಬ್ಬರನ್ನು ಪೂರ್ತಿ ಬಿಡಿ. ಅವರು ಪ್ರಚಾರಕ್ಕೆ ಹೋಗುವುದೇ ಬೇಡ.

ನಾಮಪತ್ರಕ್ಕೆ ವಯಸ್ಸು 25 ತುಂಬಿರಬೇಕು, ರಾಜ್ಯದ ಯಾವುದಾದರೂ ಕ್ಷೇತ್ರದಲ್ಲಿ ಮತದಾರರಾಗಿರಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ, ಅಂದರೆ ಹೆಸರು ಸೂಚಿಸಿ ಸಹಿ ಹಾಕುವವರು, ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ನಾನು ಹದಿನೈದು ಜನರನ್ನು ಕರೆದುಕೊಂಡು ಹೋಗಿ ಅವರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಪಟ್ಟಿಯಲ್ಲಿ ಬೆರಳಿಟ್ಟು ನೋಡಿಸಿದ್ದೆ. ಇಬ್ಬರ ಹೆಸರು ಪಕ್ಕದ ಕ್ಷೇತ್ರದಲ್ಲಿತ್ತು. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಮಾತ್ರ ತೆಗೆದುಕೊಳ್ಳುತ್ತಾರೆ, ಕೊನೆಯ ದಿನಕ್ಕೆ ಇಡಬೇಡಿ. ಒಬ್ಬರು ನಾಲ್ಕು ಪ್ರತಿ ಹಾಕಬಹುದು. ಒಂದರಲ್ಲಿ ತಪ್ಪಾದರೂ ಇನ್ನೊಂದು ಉಳಿಯುತ್ತದೆ.

ನಮೂನೆ 26ರ ಅಫಿಡವಿಟ್‌ನಲ್ಲಿ ಯಾವ ಕಾಲಂ ಕೂಡ ಖಾಲಿ ಬಿಡಬೇಡಿ. ಏನೂ ಇಲ್ಲದಿದ್ದರೆ 'ಇಲ್ಲ' ಅಂತ ಬರೆಯಿರಿ. ಹೆಂಡತಿಯ ಅಥವಾ ಗಂಡನ ಖಾತೆ, ಸ್ತ್ರೀಶಕ್ತಿ ಸಂಘದ ಸಾಲ, ಅಡವಿಟ್ಟ ಬಂಗಾರ ಎಲ್ಲಾ ಬರಬೇಕು. ಮುಷ್ಕರದಲ್ಲಿ ಬಿದ್ದ ಕೇಸುಗಳನ್ನೂ ಮುಚ್ಚಿಡಬೇಡಿ. ಕೂಲಿಗಾಗಿ ಹೋರಾಡಿ ಬಂದ ಕೇಸು ನಾಚಿಕೆಯ ವಿಷಯವಲ್ಲ. ಇನ್ನು ಪ್ರಮಾಣ ವಚನ. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ದಿನ ಬರುವ ಮೊದಲೇ ಅಧಿಕಾರಿಯ ಎದುರು ಪ್ರಮಾಣ ಮಾಡಬೇಕು. ಅಲ್ಲೇ, ಆಗಲೇ ಮಾಡಿ ಪ್ರಮಾಣಪತ್ರ ಕೇಳಿ ಪಡೆಯಿರಿ.

ಗೆದ್ದಿರಿ ಅಂತ ಇಟ್ಟುಕೊಳ್ಳಿ. 224 ಜನರಲ್ಲಿ ಒಬ್ಬರು. ವಿಧಾನಸೌಧದ ಮೆಟ್ಟಿಲು ಹತ್ತಿದ ಮೊದಲ ದಿನ ನಮ್ಮ ಶಾಸಕರ ಕೈ ನಡುಗುತ್ತಿತ್ತು. ಎದುರು ಕೂತವರಲ್ಲಿ ವಕೀಲರು, ಕಾಲೇಜು ಮಾಲೀಕರು, ಮೂರು ತಲೆಮಾರಿನಿಂದ ರಾಜಕೀಯದಲ್ಲಿ ಇರುವವರು. ಅವರಂತೆ ಮಾತಾಡಲು ಹೋಗಬೇಡಿ. ಅಲ್ಲಿ ನಿಮ್ಮನ್ನು ಕಾಪಾಡುವುದು ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಎದ್ದು ಉತ್ತರ ಕೊಡಬೇಕು, ನೀವು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಹೊಸಬರಿಗೆ ಈ ಎರಡನೆಯದು ತುಂಬಾ ಉಪಯೋಗ. ಗದ್ದಲದಲ್ಲಿ ಸದನ ಮುಂದೂಡಿದರೂ ಕಾಗದ ಕೈಗೆ ಸಿಗುತ್ತದೆ.

ಪ್ರಶ್ನೆ ಬರೆಯುವ ರೀತಿಯೂ ಇದೆ. 'ಹಮಾಲರ ಕಷ್ಟ ಸರ್ಕಾರಕ್ಕೆ ಗೊತ್ತಿದೆಯೇ' ಅಂತ ಕೇಳಿದರೆ 'ಹೌದು' ಅಂತ ಬರೆದು ಮುಗಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ನೋಂದಣಿಯಾದ ಹಮಾಲರು ತಾಲ್ಲೂಕುವಾರು ಎಷ್ಟು, ಕಾರ್ಡ್ ಸಿಕ್ಕವರು ಎಷ್ಟು, ಅಪಘಾತ ಪರಿಹಾರಕ್ಕೆ ಬಂದ ಅರ್ಜಿ ಎಷ್ಟು, ಮಂಜೂರಾದದ್ದು ಎಷ್ಟು, ಬಾಕಿ ಉಳಿಯಲು ಕಾರಣವೇನು ಎಂದು ಕೇಳಿ. ನಾವು ಹೀಗೆ ಕೇಳಿದ ಒಂದು ಪ್ರಶ್ನೆಯ ಉತ್ತರ ಬರುವ ಮೊದಲೇ ಬಾಕಿ ಇದ್ದ ಅರ್ಜಿಗಳು ಕಚೇರಿಯಲ್ಲಿ ಓಡಾಡತೊಡಗಿದವು. ಆ ಪ್ರಶ್ನೆ ಹುಟ್ಟಿದ್ದು ನೋಟ್‌ಬುಕ್ಕಿನಲ್ಲಿ 'ಆಗಲಿಲ್ಲ' ಅಂತ ಬರೆದಿದ್ದ ಸಾಲುಗಳಿಂದ. ಮಂತ್ರಿ ಸದನದಲ್ಲಿ ಮಾತು ಕೊಟ್ಟರೆ ದಿನಾಂಕ ಬರೆದಿಟ್ಟುಕೊಳ್ಳಿ. ಅಂಥ ಮಾತುಗಳನ್ನು ಬೆನ್ನು ಹತ್ತಲು ಭರವಸೆಗಳ ಸಮಿತಿ ಅಂತಲೇ ಒಂದು ಇದೆ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಕಾಮಗಾರಿ ಸೂಚಿಸುವುದು ನೀವು, ನಡೆಸುವುದು ಜಿಲ್ಲಾಧಿಕಾರಿಯ ಮೂಲಕ. ದೇವಸ್ಥಾನದ ಸಮುದಾಯ ಭವನಕ್ಕೆ ಬೇಡಿಕೆ ಜಾಸ್ತಿ ಬರುತ್ತದೆ, ಇಲ್ಲ ಅನ್ನುವುದು ಕಷ್ಟ. ನಮ್ಮ ಶಾಸಕರು ಊರುವಾರು ಪಟ್ಟಿ ಮಾಡಿ ಕಚೇರಿಯ ಹೊರಗೆ ಅಂಟಿಸುತ್ತಿದ್ದರು. ಯಾವ ಊರಿಗೆ ಎಷ್ಟು ಹೋಯಿತು ಅಂತ ಕಂಡ ಮೇಲೆ ಜಗಳ ಕಡಿಮೆ ಆಯಿತು.

ಮನೆಯ ಬಗ್ಗೆಯೂ ಯೋಚಿಸಿ. 2025ರಲ್ಲಿ ಶಾಸಕರ ಮೂಲ ಸಂಬಳವನ್ನು 40,000ದಿಂದ 80,000ಕ್ಕೆ ಏರಿಸಿದರು, ಭತ್ಯೆಗಳು ಬೇರೆ. ಕೂಲಿ ಮನೆಗೆ ಇದು ದೊಡ್ಡ ದುಡ್ಡು. ಆದರೆ ಮದುವೆ, ಜಾತ್ರೆ, ಆಸ್ಪತ್ರೆ ಅಂತ ದಿನಾ ಬಾಗಿಲಿಗೆ ಬರುವ ಕೈಗಳಿಗೆ ಅದು ಸಾಲುವುದಿಲ್ಲ. ಆ ಕೈಗಳನ್ನು ತುಂಬಿಸಲು ಹೋಗಿಯೇ ಒಳ್ಳೆಯವರು ಸಾಲಕ್ಕೆ, ಆಮೇಲೆ ಗುತ್ತಿಗೆದಾರರ ಹಿಡಿತಕ್ಕೆ ಬಿದ್ದದ್ದನ್ನು ಕಂಡಿದ್ದೇನೆ. ಮೊದಲ ತಿಂಗಳೇ ಹೇಳಿಬಿಡಿ: ಆಸ್ಪತ್ರೆಗೆ ಪತ್ರ ಕೊಡುತ್ತೇನೆ, ಜೊತೆಗೆ ಬರುತ್ತೇನೆ, ದುಡ್ಡು ಮಾತ್ರ ನನ್ನ ಹತ್ತಿರ ಇಲ್ಲ. ಮನೆಯವರು ಮಾಡುತ್ತಿದ್ದ ಕೆಲಸ ಬಿಡಿಸಬೇಡಿ. ನಾನು ಚುನಾವಣೆಗೆ ನಿಂತ ಆ ತಿಂಗಳೂ ನನ್ನ ಹೆಂಡತಿ ಭಟ್ಟಿಗೆ ಹೋಗುತ್ತಿದ್ದಳು. ಸೋತ ಮರುವಾರ ನಮ್ಮ ಮನೆ ನಡೆದದ್ದು ಅದರಿಂದಲೇ.

ಸೋತರೂ ಒಂದು ಕೆಲಸ ಬಾಕಿ ಇರುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಕೊಡದಿದ್ದರೆ ಮೂರು ವರ್ಷ ಅನರ್ಹ ಮಾಡಬಹುದು, ಅಷ್ಟರಲ್ಲಿ ಮುಂದಿನ ಪಂಚಾಯಿತಿ ಚುನಾವಣೆಯೂ ಬಂದು ಹೋಗುತ್ತದೆ. ನಾನು ಹದಿನೆಂಟನೇ ದಿನ ಕೊಟ್ಟು ಸ್ವೀಕೃತಿ ತಂದೆ. ಮಾರನೇ ದಿನ ಸಂಘದ ಕಚೇರಿಯಲ್ಲಿ ಕೂತು, ಹತ್ತು ರೂಪಾಯಿ ಕೊಟ್ಟವರೂ ಸೇರಿ ಎಲ್ಲರ ಎದುರು ಬಿಳಿ, ಗುಲಾಬಿ, ಹಳದಿ ಹಾಳೆಗಳನ್ನು ಒಂದೊಂದಾಗಿ ಓದಿ ಹೇಳಿದೆ. ಮೂರು ಗಂಟೆ ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ.