ಕ್ಯಾಥೋಡ್ ಯಾವುದು? ಎರಡು ಪೆನ್ ಸೆಲ್, ಒಂದು ಪೆನ್ಸಿಲ್ ಇಟ್ಟುಕೊಂಡು ಹುಡುಕೋಣ

ಹೈಸ್ಕೂಲಿನಲ್ಲಿ ನಮಗೆ ಬರೆಸಿದ್ದು ಇಷ್ಟೇ: ಕ್ಯಾಥೋಡ್ ಅಂದರೆ ಋಣಾಗ್ರ, ಆನೋಡ್ ಅಂದರೆ ಧನಾಗ್ರ. ಪರೀಕ್ಷೆಗೆ ಅದು ಸಾಕಾಗಿತ್ತು. ಪಿಯುಸಿಗೆ ಬಂದಾಗ ಡೇನಿಯಲ್ ಕೋಶದ ಪಾಠ ಬಂತು, ಸತು ಮತ್ತು ತಾಮ್ರದ ಪಟ್ಟಿಗಳಿಂದ ಕರೆಂಟ್ ಹುಟ್ಟಿಸುವ ಹಳೆಯ ಬಗೆಯ ಬ್ಯಾಟರಿ ಅದು. ಅಲ್ಲಿ ತಾಮ್ರದ ಪಟ್ಟಿ ಕ್ಯಾಥೋಡ್, ಆದರೆ ಅದೇ ಪ್ಲಸ್! ಋಣಾಗ್ರವೇ ಧನವಾದರೆ ಹೇಗೆ? ನಾನು ಆಗ ಕೇಳಲಿಲ್ಲ, ಉರು ಹೊಡೆದು ಮುಂದೆ ಹೋದೆ. ಬಹಳ ಜನ ಹಾಗೇ ಮಾಡಿರುತ್ತಾರೆ.

ತಪ್ಪು ನಮ್ಮದಲ್ಲ, ಆ ಪದದ್ದು. ‘ಋಣಾಗ್ರ’ ಅಂದ ಕೂಡಲೇ ಮೈನಸ್ ಚಿಹ್ನೆ ಹೆಸರಿನೊಳಗೇ ಬಂದು ಕೂತುಬಿಡುತ್ತದೆ. ನಮ್ಮ ಪಠ್ಯಗಳಲ್ಲೇ ಇದಕ್ಕಿಂತ ಒಳ್ಳೆಯ ಇನ್ನೊಂದು ಪದವಿದೆ: ವಿದ್ಯುದ್ವಾರ. ದ್ವಾರ ಅಂದರೆ ಬಾಗಿಲು, ಅಲ್ವಾ? ಬಾಗಿಲಿನ ಮುಂದೆ ನಿಂತು ಪ್ಲಸ್ಸೋ ಮೈನಸ್ಸೋ ಅಂತ ಯಾರೂ ಕೇಳುವುದಿಲ್ಲ. ಯಾರು ಒಳಗೆ ಬರುತ್ತಿದ್ದಾರೆ ಅಂತ ಕೇಳುತ್ತೇವೆ. ಹೊರಗಿನ ತಂತಿಯಲ್ಲಿ ಹರಿದು ಬಂದ ಎಲೆಕ್ಟ್ರಾನ್‌ಗಳು ಒಂದು ಸಾಧನದೊಳಗೆ ಕಾಲಿಡುವ ಬಾಗಿಲೇ ಕ್ಯಾಥೋಡ್. ಅವು ಹೊರಗೆ ಹೋಗುವ ಬಾಗಿಲು ಆನೋಡ್.

ಇದನ್ನು ಓದಿ ತಲೆಯಾಡಿಸುವುದಕ್ಕಿಂತ ಮೇಜಿನ ಮೇಲೆ ಮಾಡಿ ನೋಡುವುದು ವಾಸಿ. ಒಂದೇ ಸರ್ಕೀಟಿನಲ್ಲಿ ಮೂರು ಕ್ಯಾಥೋಡ್ ಹುಡುಕೋಣ. ಅರ್ಧ ಗಂಟೆಯ ಕೆಲಸ.

ಬೇಕಾಗುವ ಸಾಮಾನು

ಎರಡು ಪೆನ್ ಸೆಲ್ ಮತ್ತು ಅವನ್ನು ಕೂರಿಸುವ ಹೋಲ್ಡರ್. ಒಂದು ಕೆಂಪು ಎಲ್‌ಇಡಿ. ಕೆಂಪೇ ಇರಲಿ, ಅದಕ್ಕೆ ಸುಮಾರು 2 ವೋಲ್ಟ್ ಸಾಕು. ನೀಲಿ, ಬಿಳಿ ಎಲ್‌ಇಡಿಗೆ 3 ವೋಲ್ಟ್ ಹತ್ತಿರ ಬೇಕು, ಎರಡು ಸೆಲ್ಲಿನಲ್ಲಿ ಸರಿಯಾಗಿ ಹೊತ್ತುವುದಿಲ್ಲ. 100 ಓಮ್‌ನ ಒಂದು ರೆಸಿಸ್ಟರ್, ಮೂರು ನಾಲ್ಕು ಕ್ಲಿಪ್ ವೈರ್. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ, ಉಳಿದವರಿಗೆ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿ.

ಇನ್ನು ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೊ ಹೊಡೆಯುವವರ ಮನೆಯಲ್ಲಿ ಇದು ಇದ್ದೇ ಇರುತ್ತದೆ. ಇಲ್ಲದಿದ್ದರೆ ಗೊಬ್ಬರ, ಔಷಧಿ ಮಾರುವ ಅಂಗಡಿಯಲ್ಲಿ ಕೇಳಿ. ಇದು ವಿಷ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಅಡುಗೆಮನೆಯ ಪಾತ್ರೆ ಮುಟ್ಟಬೇಡಿ, ಮಕ್ಕಳು ಮಾಡುವುದಾದರೆ ದೊಡ್ಡವರು ಪಕ್ಕದಲ್ಲೇ ಇರಲಿ. ಜೊತೆಗೆ ಒಂದು ತುಂಡು ತಾಮ್ರದ ವೈರ್, ಒಂದು ಪೆನ್ಸಿಲ್, ಎಸೆಯಬಹುದಾದ ಒಂದು ಪ್ಲಾಸ್ಟಿಕ್ ಲೋಟ.

ಹಂತ 1: ಲೋಟ ಸಿದ್ಧ ಮಾಡಿ

ಅರ್ಧ ಲೋಟ ನೀರಿಗೆ ಒಂದು ಚಮಚದಷ್ಟು ಮೈಲುತುತ್ತ ಹಾಕಿ, ಕಡ್ಡಿಯಲ್ಲಿ ಕಲಕಿ. ನೀಲಿ ದ್ರಾವಣ ಆಗುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದು ತಾಮ್ರ ಹೊರಗೆ ತೆಗೆಯಿರಿ. ಪೆನ್ಸಿಲನ್ನು ಎರಡೂ ಕಡೆ ಚೂಪು ಮಾಡಿ. ಒಂದು ಕಡೆ ಸೀಸದ ಕಡ್ಡಿ ಒಂದು ಸೆಂಟಿಮೀಟರ್ ಹೊರಗೆ ಕಾಣಬೇಕು. (ಸೀಸ ಅನ್ನುವುದು ಬಾಯಿಮಾತು, ಅದು ಗ್ರಾಫೈಟ್.) ಆ ತುದಿ ದ್ರಾವಣದಲ್ಲಿ ಮುಳುಗಲಿ. ತಾಮ್ರದ ವೈರ್ ಎದುರು ಬದಿಯಲ್ಲಿ ಮುಳುಗಲಿ. ಎರಡೂ ಒಂದಕ್ಕೊಂದು ತಾಗಬಾರದು.

ಪೆನ್ಸಿಲ್ ಯಾಕೆ, ಕಬ್ಬಿಣದ ಮೊಳೆ ಆಗಲ್ವಾ? ಆಗುತ್ತದೆ, ಆದರೆ ಮೋಸ ಹೋಗುತ್ತೀರಿ. ಮೊಳೆಯನ್ನು ಮೈಲುತುತ್ತದ ನೀರಿಗೆ ಸುಮ್ನೆ ಅದ್ದಿದರೂ ಕರೆಂಟಿಲ್ಲದೇ ತಾಮ್ರ ಹಿಡಿಯುತ್ತದೆ. ಗ್ರಾಫೈಟಿಗೆ ಹಾಗೆ ಹಿಡಿಯುವುದಿಲ್ಲ.

ಹಂತ 2: ಎಲ್ಲವನ್ನೂ ಒಂದೇ ಸಾಲಿನಲ್ಲಿ ಜೋಡಿಸಿ

ಸೆಲ್ಲಿನ ಪ್ಲಸ್‌ನಿಂದ ರೆಸಿಸ್ಟರಿಗೆ. ಅಲ್ಲಿಂದ ಎಲ್‌ಇಡಿಯ ಉದ್ದ ಕಾಲಿಗೆ. ಗಿಡ್ಡ ಕಾಲಿನಿಂದ ಲೋಟದ ತಾಮ್ರದ ವೈರಿಗೆ. ಪೆನ್ಸಿಲಿನ ಮೇಲಿನ ತುದಿಯಿಂದ ಸೆಲ್ಲಿನ ಮೈನಸ್‌ಗೆ. ಎಲ್‌ಇಡಿ ಹೊತ್ತಿಕೊಳ್ಳಬೇಕು. ಹೊತ್ತದಿದ್ದರೆ ಬಹುಪಾಲು ಎಲ್‌ಇಡಿ ತಿರುಗುಮುರುಗಾಗಿರುತ್ತದೆ, ಇಲ್ಲವೇ ಪೆನ್ಸಿಲಿನ ಕ್ಲಿಪ್ ಗ್ರಾಫೈಟಿನ ಬದಲು ಮರವನ್ನು ಕಚ್ಚಿರುತ್ತದೆ. ಹತ್ತು ಹದಿನೈದು ನಿಮಿಷ ಬಿಡಿ.

ಹಂತ 3: ಎಲೆಕ್ಟ್ರಾನ್ ಹಿಂದೆ ನಡೆಯಿರಿ

ಎಲೆಕ್ಟ್ರಾನ್‌ಗಳು ಸೆಲ್ಲಿನ ಮೈನಸ್‌ನಿಂದ ಹೊರಡುತ್ತವೆ. ಮೊದಲು ಸಿಗುವುದು ಪೆನ್ಸಿಲ್. ಲೋಟಕ್ಕೆ ಒಳಬರುವ ಬಾಗಿಲು ಅದು. ಹಾಗಾಗಿ ಲೋಟದ ಕ್ಯಾಥೋಡ್ ಪೆನ್ಸಿಲ್.

ಬಾಗಿಲಲ್ಲಿ ಅವುಗಳಿಗಾಗಿ ಕಾದು ನಿಂತವರು ಯಾರು? ದ್ರಾವಣದಲ್ಲಿರುವ ತಾಮ್ರದ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರದ ಪರಮಾಣುಗಳು. ಒಂದೊಂದು ಅಯಾನು ಎರಡೆರಡು ಎಲೆಕ್ಟ್ರಾನ್ ತೆಗೆದುಕೊಂಡು ಲೋಹದ ತಾಮ್ರವಾಗಿ ಅಲ್ಲೇ ಅಂಟಿಕೊಳ್ಳುತ್ತದೆ. ಪೆನ್ಸಿಲ್ ತುದಿ ಕೆಂಪಗಾಗುವುದು ಅದಕ್ಕೇ. ಎಲೆಕ್ಟ್ರಾನ್ ಪಡೆಯುವ ಈ ಕ್ರಿಯೆಗೆ ರಸಾಯನಶಾಸ್ತ್ರದಲ್ಲಿ ಅಪಕರ್ಷಣೆ ಅನ್ನುತ್ತಾರೆ. ‘ಕ್ಯಾಥೋಡಿನಲ್ಲಿ ಅಪಕರ್ಷಣೆ ನಡೆಯುತ್ತದೆ’ ಅನ್ನುವ ಪುಸ್ತಕದ ಮಾತು ಬೇರೆ ನಿಯಮವೇನಲ್ಲ. ಅದೇ ಬಾಗಿಲನ್ನು ಮನೆಯೊಳಗಿನಿಂದ ನೋಡಿದ್ದು, ಅಷ್ಟೇ. ಲೆಕ್ಕ ಬೇಕಿದ್ದರೆ: 5 ಮಿಲಿಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಸುಮಾರು 6 ಮಿಲಿಗ್ರಾಂ ತಾಮ್ರ ಕೂರುತ್ತದೆ. ತಾಮ್ರವನ್ನು ಶುದ್ಧ ಮಾಡುವ ಕಾರ್ಖಾನೆಗಳಲ್ಲೂ ನಡೆಯುವುದು ಇದೇ ಕೆಲಸ, ಆಂಪಿಯರ್ ಮಾತ್ರ ಸಾವಿರಗಟ್ಟಲೆ. ಅಲ್ಲಿ ಹೊರಬರುವ ಶುದ್ಧ ತಾಮ್ರದ ಹಲಗೆಗೆ ವ್ಯಾಪಾರದಲ್ಲೂ ‘ಕಾಪರ್ ಕ್ಯಾಥೋಡ್’ ಅಂತಲೇ ಹೆಸರು.

ಇತ್ತ ತಾಮ್ರದ ವೈರ್ ಕರಗುತ್ತಾ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಅವು ಮುಂದೆ ಎಲ್‌ಇಡಿಗೆ ಹೋಗುತ್ತವೆ, ಗಿಡ್ಡ ಕಾಲಿನಿಂದ ಒಳಗೆ. ಎರಡನೇ ಕ್ಯಾಥೋಡ್ ಸಿಕ್ಕಿತು. ಇಲ್ಲಿ ಏನೂ ಕರಗುವುದಿಲ್ಲ, ಏನೂ ಕೂರುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ರಸಾಯನಶಾಸ್ತ್ರದ ವ್ಯಾಖ್ಯೆ ಇಲ್ಲಿ ಕೈಕೊಡುತ್ತದೆ. ಬಾಗಿಲಿನ ವ್ಯಾಖ್ಯೆ ಕೈಕೊಡುವುದಿಲ್ಲ.

ಉದ್ದ ಕಾಲಿನಿಂದ ಹೊರಬಿದ್ದ ಎಲೆಕ್ಟ್ರಾನ್‌ಗಳು ರೆಸಿಸ್ಟರ್ ದಾಟಿ ಸೆಲ್ಲಿನ ಪ್ಲಸ್‌ನೊಳಗೆ ಹೋಗುತ್ತವೆ. ಹೌದು, ಪ್ಲಸ್‌ನೊಳಗೆ. ಸೆಲ್ಲಿನ ಒಳಬಾಗಿಲು ಅದೇ. ಒಳಗಿರುವ ಮ್ಯಾಂಗನೀಸ್ ಡೈಆಕ್ಸೈಡ್ ಅವುಗಳನ್ನು ತೆಗೆದುಕೊಳ್ಳುತ್ತದೆ. ಹಾಗಾದರೆ ಮೂರನೇ ಕ್ಯಾಥೋಡ್ ಪ್ಲಸ್ ತುದಿ! ಡೇನಿಯಲ್ ಕೋಶದ ತಾಮ್ರವೂ ಹೀಗೇ. ಪಿಯುಸಿಯಲ್ಲಿ ನಾನು ಕೇಳದೇ ಬಿಟ್ಟ ಪ್ರಶ್ನೆಗೆ ಉತ್ತರ ಇಷ್ಟು ಹತ್ತಿರದಲ್ಲಿತ್ತು. ಕರೆಂಟನ್ನು ದೂಡುವ ಸಾಧನದಲ್ಲಿ ಕ್ಯಾಥೋಡ್ ಪ್ಲಸ್, ಕರೆಂಟನ್ನು ಬಳಸುವ ಸಾಧನದಲ್ಲಿ ಮೈನಸ್.

ಸ್ವಲ್ಪ ಹೊತ್ತು ಲಂಡನ್ನಿಗೆ

ತಾಮ್ರ ಕೂರುವ ತನಕ ಈ ಹೆಸರಿನ ಕಥೆ ಕೇಳಿ. 1834ರಲ್ಲಿ ಲಂಡನ್ನಿನ ವಿಜ್ಞಾನಿ ಮೈಕೆಲ್ ಫ್ಯಾರಡೆಗೂ ಇದೇ ತಲೆಬಿಸಿ ಇತ್ತು. ಎಲೆಕ್ಟ್ರಾನ್ ಗೊತ್ತಾಗಿದ್ದು 1897ರಲ್ಲಿ, ಜೆ.ಜೆ. ಥಾಮ್ಸನ್ ಕ್ಯಾಥೋಡ್ ಕಿರಣಗಳ ಮೇಲೆ ಕೆಲಸ ಮಾಡಿದಾಗ. ಅಂದರೆ ಫ್ಯಾರಡೆ ಕಾಲದಲ್ಲಿ ವಿದ್ಯುತ್ ನಿಜವಾಗಿ ಯಾವ ಕಡೆ ಹರಿಯುತ್ತದೆ ಅಂತ ಯಾರಿಗೂ ಖಚಿತವಿರಲಿಲ್ಲ. ನಾಳೆ ಸಿದ್ಧಾಂತ ಬದಲಾದರೂ ಕೆಡದ ಹೆಸರು ಅವರಿಗೆ ಬೇಕಿತ್ತು. ಭೂಮಿಯ ಕಾಂತತೆಗೆ ಕಾರಣವಾದ ಕರೆಂಟೊಂದು ಇದ್ದರೆ ಅದು ಸೂರ್ಯನ ಹಾಗೆ ಪೂರ್ವದಿಂದ ಪಶ್ಚಿಮಕ್ಕೆ ಹರಿಯಬೇಕು. ಅದಕ್ಕೆ ಸರಿಯಾಗಿ ಲೋಟವನ್ನು ಇಟ್ಟಂತೆ ಅವರು ಕಲ್ಪಿಸಿಕೊಂಡರು. ಕೇಂಬ್ರಿಡ್ಜಿನ ವಿದ್ವಾಂಸ ವಿಲಿಯಂ ಹ್ಯೂವೆಲ್ ಗ್ರೀಕ್ ಪದಗಳನ್ನು ಕೊಟ್ಟರು. ಸೂರ್ಯ ಏರುವ ಕಡೆ ಆನೋಡ್, ಮೇಲಕ್ಕೆ ಹೋಗುವ ದಾರಿ. ಇಳಿಯುವ ಕಡೆ ಕ್ಯಾಥೋಡ್, ಕೆಳಗಿಳಿಯುವ ದಾರಿ.

ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ನಮ್ಮಲ್ಲಿ ಇದೇ ಯೋಚನೆಯ ಪದಗಳು ಮೊದಲೇ ಇದ್ದವು! ಋಣಾಗ್ರದ ಬದಲು ‘ಪಡುವಣ ಬಾಗಿಲು’ ಅಂದಿದ್ದರೆ ಪ್ಲಸ್ ಮೈನಸ್ ಗೊಂದಲವೇ ಇರುತ್ತಿರಲಿಲ್ಲ. ಈಗ ಕಾಲ ಮಿಂಚಿದೆ ಬಿಡಿ.

ಹಂತ 4: ಬಿಡಿಭಾಗದಲ್ಲಿ ಗುರುತಿಸುವುದು

ರಿಪೇರಿ ಕೆಲಸಕ್ಕೆ ಬೇಕಾದ್ದು ಇದು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡಿನ ಮೈಮೇಲೆ ಒಂದು ತುದಿಗೆ ಪಟ್ಟಿ ಇರುತ್ತದೆ. ಕಪ್ಪು ಡಯೋಡಾದರೆ ಬೆಳ್ಳಿ ಬಣ್ಣದ್ದು. ಪಟ್ಟಿಯ ಕಡೆ ಕ್ಯಾಥೋಡ್. ಎಲ್‌ಇಡಿಯ ಕಾಲು ಕತ್ತರಿಸಿ ಹೋಗಿದ್ದರೆ ಬುಡದ ಅಂಚನ್ನು ಬೆರಳಲ್ಲಿ ಸವರಿ, ಚಪ್ಪಟೆ ಇರುವ ಕಡೆ ಕ್ಯಾಥೋಡ್.

ಅನುಮಾನವಿದ್ದರೆ ಡಿಜಿಟಲ್ ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಸಾಮಾನ್ಯ ಸಿಲಿಕಾನ್ ಡಯೋಡಿನಲ್ಲಿ 0.5ರಿಂದ 0.7ರ ಸುಮಾರು ತೋರಿಸಿದಾಗ ಕಪ್ಪು ಪಿನ್ ಇರುವ ಕಡೆ ಕ್ಯಾಥೋಡ್. ಹಳೆಯ ಮುಳ್ಳಿನ ಮೀಟರ್ ಇದ್ದವರು ಹುಷಾರು. ಅವುಗಳಲ್ಲಿ ಬಹಳಷ್ಟು ಓಮ್ ಅಳೆಯುವಾಗ ಕಪ್ಪು ಪಿನ್ನಿನಲ್ಲೇ ಪ್ಲಸ್ ಕೊಡುತ್ತವೆ. ನಾನು ಅದನ್ನು ನಂಬಿ ಒಂದು ಚಾರ್ಜರಿಗೆ ನಾಲ್ಕು ಡಯೋಡನ್ನೂ ಉಲ್ಟಾ ಬೆಸುಗೆ ಹಾಕಿದವನು.

ಹೆಸರು ಅಂಟಿಕೊಂಡಿರುವ ಎರಡು ಕಡೆ

ಮೊಬೈಲ್ ಬ್ಯಾಟರಿ ಚಾರ್ಜ್ ಆಗುವಾಗ ಎಲೆಕ್ಟ್ರಾನ್‌ಗಳು ಪ್ಲಸ್‌ನಿಂದ ಹೊರಗೆ ಹೋಗುತ್ತವೆ. ನಮ್ಮ ನಿಯಮದಂತೆ ಆಗ ಅದು ಆನೋಡ್ ಆಗಬೇಕು. ಬ್ಯಾಟರಿ ಕೆಲಸದವರು ಒಪ್ಪುವುದಿಲ್ಲ. ಬಳಸುವಾಗಿನ ಹೆಸರನ್ನೇ ಹಿಡಿದು ಪ್ಲಸ್ಸನ್ನು ಯಾವಾಗಲೂ ಕ್ಯಾಥೋಡ್ ಅನ್ನುತ್ತಾರೆ. 2019ರ ರಸಾಯನಶಾಸ್ತ್ರ ನೊಬೆಲ್ ಪಡೆದ ಮೂವರಲ್ಲಿ ಜಾನ್ ಗುಡ್‌ಇನಫ್ ಒಬ್ಬರು. ಅವರಿಗೆ ಹೆಸರು ತಂದದ್ದು 1980ರ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಕ್ಯಾಥೋಡ್. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲು ಬಳಸುವ ಝೀನರ್ ಡಯೋಡಿನದೂ ಇದೇ ಕಥೆ. ಅದನ್ನು ಬೇಕೆಂದೇ ಉಲ್ಟಾ ಹಾಕುತ್ತಾರೆ, ಪಟ್ಟಿಯ ಕಡೆ ಪ್ಲಸ್‌ಗೆ. ಆದರೂ ಪಟ್ಟಿಯ ಕಡೆಗೆ ಕ್ಯಾಥೋಡ್ ಅಂತಲೇ ಹೆಸರು.

ಹಂತ 5: ಈಗ ಸೆಲ್ ತಿರುಗಿಸಿ

ಪೆನ್ಸಿಲ್ ಕೆಂಪಗಾದ ಮೇಲೆ ಸೆಲ್ಲಿನ ಎರಡು ವೈರುಗಳನ್ನು ಅದಲು ಬದಲು ಮಾಡಿ. ಎಲ್‌ಇಡಿ ಆರುತ್ತದೆ, ಏನೂ ನಡೆಯುವುದಿಲ್ಲ. ಎಲ್‌ಇಡಿಯನ್ನೂ ತಿರುಗಿಸಿ ಹಾಕಿ. ಮತ್ತೆ ಹೊತ್ತುತ್ತದೆ. ಈಗ ಪೆನ್ಸಿಲಿನ ತಾಮ್ರ ಮೆಲ್ಲಗೆ ಕರಗಿ ಎದುರಿನ ವೈರಿಗೆ ಹೋಗುತ್ತದೆ. ಎಲ್‌ಇಡಿಯ ಗಿಡ್ಡ ಕಾಲು ಈಗಲೂ ಕ್ಯಾಥೋಡ್, ಸೆಲ್ಲಿನ ಪ್ಲಸ್ ಈಗಲೂ ಕ್ಯಾಥೋಡ್. ಪೆನ್ಸಿಲ್ ಮಾತ್ರ ಆನೋಡ್ ಆಯಿತು.

ಉಳಿದ ನೀಲಿ ನೀರನ್ನು ಮೋರಿಗಾಗಲಿ ಬಾವಿ ಪಕ್ಕಕ್ಕಾಗಲಿ ಚೆಲ್ಲಬೇಡಿ, ಮೀನಿಗೆ ಅದು ವಿಷ. ಬಾಟಲಿಗೆ ತುಂಬಿ, ‘ಮೈಲುತುತ್ತ, ಕುಡಿಯಬಾರದು’ ಅಂತ ದಪ್ಪಕ್ಷರದಲ್ಲಿ ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮುಂದಿನ ಸಲಕ್ಕೆ ಅದೇ ಸಾಕು.